ಅಡುಗೆಮನೆಯಿಂದ ಎದ್ದ ಸೊಲ್ಲು

ಕಂಸಾಳೆ ಮಾದಯ್ಯ ನಮ್ಮ ಬಾಗಿಲಲ್ಲಿ ಮೊದಲ ಸಾಲು ಹಾಡಿ ತಟಕ್ಕನೆ ನಿಂತುಬಿಟ್ಟರು. ಮೊರದಲ್ಲಿ ರಾಗಿ ಹಿಡಿದು ಕಾಯುತ್ತಿದ್ದ ನಮ್ಮತ್ತೆ, "ಯಾಕ್ ಮಾದಯ್ಯ, ಆಡು" ಎಂದರು.

"ಸೊಲ್ಲು ಕೊಡ್ತಿದ್ದ ನನ್ ತಮ್ಮ ತೀರ್ಕಂಡ ಕಣವ್ವ. ಒಬ್ನೇ ಆಡಕ್ಕೆ ಬಾಯೇ ಬತ್ತಿಲ್ಲ. ಆಡ್ದೆ ಭಿಕ್ಸ ಈಸ್ಕಳಾಕಿಲ್ಲ" ಎಂದವರೇ ಜೋಳಿಗೆ ಏರಿಸಿಕೊಂಡು ತಿರುಗಿದರು.

ಅದು ಅರವತ್ತರ ದಶಕದ ಒಂದು ಸೋಮವಾರ. ನಾನು ಯಳಂದೂರಿನ ಆ ಮನೆಗೆ ಸೊಸೆಯಾಗಿ ಬಂದು ವರ್ಷ ತುಂಬಿರಲಿಲ್ಲ. ನನ್ನ ದನಿ ಅಡುಗೆಮನೆ ದಾಟಿರಲಿಲ್ಲ. ಆದರೆ ನಾನು ಲೊಕ್ಕನಹಳ್ಳಿಯವಳು. ಅಲ್ಲಿ ನಮ್ಮ ಜಗುಲಿಯಲ್ಲಿ ಇದೇ ಮಾದಯ್ಯ ಮಾದಪ್ಪನ ಕಥೆ ಹಾಡುತ್ತಿದ್ದರು. ಒಂದೊಂದು ಸಾಲಿನ ಕೊನೆಯನ್ನೂ ಅವರ ತಮ್ಮ ಹಿಡಿದೆಳೆದು ಸೊಲ್ಲು ಕೊಡುವುದನ್ನು ಕೇಳುತ್ತಲೇ ಬೆಳೆದವಳು ನಾನು. ಅವರು ಬರಿಗೈಯಲ್ಲಿ ಹೋಗುತ್ತಿದ್ದರೆ ರೊಟ್ಟಿ ತಟ್ಟುತ್ತಾ ಕೂರುವುದು ನನ್ನಿಂದಾಗಲಿಲ್ಲ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು, ಅವರು ಬಿಟ್ಟ ಸಾಲಿಗೆ ಸೊಲ್ಲು ಎತ್ತಿದೆ. ಬೀದಿಗೆಲ್ಲ ಕೇಳಿಸಿತು.

ಅತ್ತೆ ದುರುಗುಟ್ಟಿ ನೋಡಿದರು. ಅಷ್ಟರಲ್ಲಿ ಕಂಸಾಳೆ ಝಲ್ಲೆಂದಿತು, ಕಥೆ ಹೊರಟಿತು. ನಾನು ಒಂದು ಸೊಲ್ಲನ್ನೂ ಬಿಡಲಿಲ್ಲ. ಹೆಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಮುಗಿದ ಮೇಲೆ ಮಾದಯ್ಯ ನಮ್ಮತ್ತೆಯ ಮುಂದೆ ಜೋಳಿಗೆಯೊಡ್ಡಿದರು.

ಮಾದಯ್ಯ ಈಗಿಲ್ಲ, ನಮ್ಮತ್ತೆಯೂ ಇಲ್ಲ. ಆದರೆ ಎಲ್ಲಿ ಕಂಸಾಳೆ ಕೇಳಿದರೂ ನನಗೆ ಅದರ ಮರುವಾರದ ಸೋಮವಾರ ನೆನಪಾಗುತ್ತದೆ. ಬೀದಿಯ ತಿರುವಿನಲ್ಲಿ ಆ ಸದ್ದು ಕೇಳಿದ್ದೇ ತಡ, ಅತ್ತೆ ಒಲೆಯ ಮುಂದೆ ಬಂದು ಕೂತು ಅಂದಿದ್ದರು: "ಲೇ, ರೊಟ್ಟಿ ನಾ ನೋಡ್ಕತೀನಿ. ನೀ ಎದ್ದೋಗು, ಮಾದಯ್ಯ ಬತ್ತಾವ್ರೆ."