ಅಂಚೆ ಡಬ್ಬಿಯ ಕೆಂಪು

ನನ್ನ ಮಾವನವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಬಿಳಿಯ ಟೂತ್‌ಪೇಸ್ಟ್ ಒಣಗಿ ಗಟ್ಟಿಯಾಗಿರುತ್ತಿತ್ತು. ‘ಸದಾ’ ಎಂದು ಸೇರಿಸಹೊರಟು ನಿಲ್ಲಿಸಿದೆ. ನನ್ನ ಗಂಡನನ್ನು ಕೇಳಿದರೆ, ತಾನು ಹಾಗೆ ನೋಡಿದ್ದು ಎರಡೋ ಮೂರೋ ಸಲ ಎನ್ನುತ್ತಾನೆ. ಡೈರಿಗಳನ್ನು ತೆಗೆದು ನೋಡಿದೆ. ಅವನ್ನೂ ನಂಬುವಂತಿಲ್ಲ, ಏಕೆಂದರೆ ಸಿಟ್ಟು ಬಂದ ದಿನ ಮಾತ್ರ ಬರೆಯುವ ಅಭ್ಯಾಸ ನನ್ನದು. ಸಮಾಧಾನವಾಗಿ ಕಳೆದ ದಿನಗಳೆಲ್ಲ ಅವುಗಳಲ್ಲಿ ಖಾಲಿ ಹಾಳೆಗಳು. ಆದ್ದರಿಂದ ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು, ಮಾತುಗಳು ಹಿಂದುಮುಂದಾಗಿರಬಹುದು. ಪೇಸ್ಟ್ ಮಾತ್ರ ನಿಜ.

ಅವರು ಕೇಂದ್ರ ಸರ್ಕಾರದ ಸಚಿವಾಲಯವೊಂದರಲ್ಲಿ ಗುಮಾಸ್ತರಾಗಿ ಸೇರಿ ಅಧೀನ ಕಾರ್ಯದರ್ಶಿಯಾಗಿ ನಿವೃತ್ತರಾದವರು. ತುಮಕೂರು ಕಡೆಯಿಂದ ಇಪ್ಪತ್ತೆರಡನೆಯ ವಯಸ್ಸಿಗೆ ದೆಹಲಿಗೆ ಬಂದು, ಆರು ಸರ್ಕಾರಿ ಕ್ವಾರ್ಟರ್ಸುಗಳಲ್ಲಿ ಬದುಕಿ, ಕೊನೆಗೆ ದ್ವಾರಕಾದ ಸೊಸೈಟಿಯೊಂದರಲ್ಲಿ ನಾಲ್ಕನೆಯ ಮಹಡಿಯ ಫ್ಲಾಟ್ ಮಾಡಿಕೊಂಡರು. ನಾನು ಸೊಸೆಯಾಗಿ ಆ ಮನೆಗೆ ಬರುವಷ್ಟರಲ್ಲಿ ಅತ್ತೆ ತೀರಿಕೊಂಡು ಮೂರು ವರ್ಷವಾಗಿತ್ತು. ಮನೆ ಅವರದೇ, ಕಾಗದಪತ್ರವೆಲ್ಲ ಅವರದೇ ಹೆಸರಿನಲ್ಲಿ. ಆದರೂ ಅವರು ಅಲ್ಲಿದ್ದದ್ದು ಏಳನೆಯ ಕ್ವಾರ್ಟರ್ಸಿನಲ್ಲಿ ಇದ್ದ ಹಾಗೆ. ಪ್ರತಿ ಕುರ್ಚಿಯ ಬೆನ್ನಿಗೆ, ಪ್ರತಿ ಮೇಜಿನ ಕಾಲಿಗೆ, ಸರ್ಕಾರಿ ಸಾಮಾನಿಗೆ ಬರೆಯುವಂತೆ, ಬಿಳಿ ಬಣ್ಣದಲ್ಲಿ ಸಣ್ಣ ಅಂಕಿ ಬರೆದಿದ್ದರು. ನಾನು ತಂದ ಮೂಡಾ ಎಂಬ ಬೆತ್ತದ ಪೀಠಕ್ಕೂ ಒಂದು ವಾರದೊಳಗೆ ಅಂಕಿ ಬಿತ್ತು. ಹದಿನೇಳು. ಗೋಡೆಗಳೆಲ್ಲ ಕ್ರೀಮ್. ಒಂದೇ ಒಂದು ಮೊಳೆಯಿಲ್ಲ. ಕ್ಯಾಲೆಂಡರು ಬೀರುವಿನ ಹಿಡಿಗೆ ನೇತಾಡುತ್ತಿತ್ತು.

ಕ್ವಾರ್ಟರ್ಸ್ ಬಿಡುವಾಗ ಗೋಡೆಯ ಮೊಳೆ ತೂತುಗಳಿಗೆ ಟೂತ್‌ಪೇಸ್ಟ್ ತುಂಬಿ, ಒಣಗಿದ ಮೇಲೆ ಒದ್ದೆ ಬಟ್ಟೆಯಿಂದ ಸವರುವುದು ದೆಹಲಿಯ ಸರ್ಕಾರಿ ಕುಟುಂಬಗಳಿಗೆಲ್ಲ ಗೊತ್ತಿರುವ ಉಪಾಯ. ತಪಾಸಣೆಗೆ ಬಂದವರ ಕಣ್ಣಿಗೆ ತೂತು ಬೀಳಬಾರದು. ನನ್ನ ಮಾವ ಮಾತ್ರ ಅದನ್ನು ಸ್ವಂತ ಮನೆಯಲ್ಲೂ ಮಾಡುತ್ತಿದ್ದರು. ನಾನು ಬೆಳಿಗ್ಗೆ ಒಂದು ಮೊಳೆ ಹೊಡೆದು ನೋಯ್ಡಾದ ಆಫೀಸಿಗೆ ಹೋದರೆ, ಸಂಜೆ ಬರುವಷ್ಟರಲ್ಲಿ ಮೊಳೆ ನನ್ನ ಮೇಜಿನ ಮೇಲೆ, ಕಾಗದದ ತುಂಡಿನಲ್ಲಿ ಸುತ್ತಿ, ಮರ್ಯಾದೆಯಿಂದ ಇಟ್ಟಿರುತ್ತಿತ್ತು. ಗೋಡೆಯಲ್ಲಿ ಪುದೀನ ವಾಸನೆ. ಕೇಳಿದರೆ ಅವರದು ಒಂದೇ ಮಾತು. “ಗೋಡೆ ಇವತ್ತು ನಮ್ಮದಮ್ಮ. ನಾಳೆ ಯಾರಿಗೋ ಒಪ್ಪಿಸಬೇಕು.”

ನಾನು ಆ ಮೊಳೆಯನ್ನು ಡ್ರಾಯರಿಗೆ ಹಾಕಿಡುತ್ತಿದ್ದೆ.

ಆ ಕಾಲದಲ್ಲಿ ನನಗೆ ಸ್ವಂತ ರುಚಿ ಎಂಬುದಿತ್ತೇ ಎಂದು ಈಗ ಅನುಮಾನ. ಪತ್ರಿಕೆಗಳಲ್ಲಿ ಬರುವ ಮನೆಗಳ ಚಿತ್ರ ಕತ್ತರಿಸಿ ಇಟ್ಟುಕೊಳ್ಳುತ್ತಿದ್ದೆ. ಬೂದು ಸೋಫಾ, ತಿಳಿ ಪರದೆ, ಗಾಜಿನ ಹೂಜಿಯಲ್ಲಿ ಒಂದು ಒಣ ಕಡ್ಡಿ. ಇವತ್ತು ಆ ಕತ್ತರಿಸಿದ ಚಿತ್ರಗಳನ್ನು ನೋಡಿದರೆ ಅವು ಮಾವನವರ ಕ್ರೀಮ್ ಗೋಡೆಯ ಶ್ರೀಮಂತ ನೆಂಟರಂತೆ ಕಾಣುತ್ತವೆ. ಮನೆಗೆ ಬಣ್ಣ ಹೊಡೆಸುವ ವರ್ಷ ಅಂಗಡಿಗೆ ಮೂವರೂ ಹೋಗಿದ್ದೆವು. ಬಣ್ಣದ ಪುಸ್ತಕದಲ್ಲಿ ಒಂದು ಕೆಂಪು ಚೌಕದ ಮೇಲೆ ನನ್ನ ಬೆರಳು ನಿಂತಿತು. ಯಾಕೆ ನಿಂತಿತೋ ಗೊತ್ತಿಲ್ಲ. ಮಾವ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು.

“ಅಂಚೆ ಡಬ್ಬಿ ಬಣ್ಣ. ನಾವು ಮನುಷ್ಯರಮ್ಮ, ಕಾಗದ ಅಲ್ಲ.”

ಗಂಡ ನಕ್ಕ. ಕನ್ನಡ ಬಾರದ ಅಂಗಡಿಯವನೂ ನಕ್ಕ. ಗೋಡೆಗೆ ಮತ್ತೆ ಕ್ರೀಮ್ ಬಿತ್ತು. ಡೈರಿಯಲ್ಲಿ ಆ ದಿನ ಒಂದೇ ಸಾಲು ಇದೆ: ‘ಗಂಡ ನಕ್ಕ.’

ಕೌದಿಯ ಸಂಗತಿ ಅದೇ ವರ್ಷದ ಚಳಿಗಾಲದ್ದು. ನಾನು ದೆಹಲಿಗೆ ಹೊರಟಾಗ ಬಾದಾಮಿಯ ನನ್ನ ಅಜ್ಜಿ, ಮನೆಯವರ ಹಳೆಯ ಸೀರೆಗಳನ್ನೆಲ್ಲ ಒಂದರ ಮೇಲೊಂದು ಜೋಡಿಸಿ ಕೌದಿ ಹೊಲಿದು ಕೊಟ್ಟಿದ್ದಳು. ಹಸಿರಿನ ಪಕ್ಕ ಗುಲಾಬಿ, ಅದರ ಪಕ್ಕ ಕಡುನೀಲಿ, ನಡುನಡುವೆ ಹಳದಿ ತ್ರಿಕೋನಗಳು. ಯಾವುದಕ್ಕೂ ಯಾವುದೂ ಹೊಂದುವುದಿಲ್ಲ, ಆದರೆ ಕಣ್ಣು ತೆಗೆಯಲಾಗುವುದಿಲ್ಲ. ಅಜ್ಜಿ ಹೋದ ಮೇಲೆ ಅದನ್ನು ಹೊದೆಯಲು ಮನಸ್ಸು ಬರಲಿಲ್ಲ. ನಾಲ್ಕು ಮೊಳೆ ಹೊಡೆದು ಹಾಲಿನ ಗೋಡೆಗೆ ತೂಗುಹಾಕಿದೆ. ಪತ್ರಿಕೆಯಲ್ಲಿ ನೋಡದೆ ನಾನಾಗಿಯೇ ಮಾಡಿದ ಮೊದಲ ಅಲಂಕಾರ ಅದು. ಎರಡು ದಿನ ಅದು ಅಲ್ಲೇ ಇತ್ತು. ಮೂರನೆಯ ಸಂಜೆ ಗೋಡೆ ಬೋಳಾಗಿತ್ತು, ನಾಲ್ಕು ಬಿಳಿ ಚುಕ್ಕೆ ಇನ್ನೂ ಒದ್ದೆಯಾಗಿದ್ದವು.

“ಮಾವ, ಕೌದಿ ಎಲ್ಲಿ?”

“ಗೇಟಿನ ಗಾರ್ಡ್‌ಗೆ ಕೊಟ್ಟೆನಮ್ಮ. ಪಾಪ, ನಡುಗ್ತಾ ಇದ್ದ.”

“ಅದು ನಮ್ಮಜ್ಜಿ ಹೊಲಿದದ್ದು.”

“ಅಚ್ಛಾ? ಹೊಲಿಗೆ ಗಟ್ಟಿ ಇದೆ. ಹೊದೆಯೋದು ಗೋಡೆ ಮೇಲೆ ಇತ್ತಲ್ಲ, ಯಾರಿಗೂ ಬೇಡವೇನೋ ಅಂದ್ಕೊಂಡೆ.”

ಕೊನೆಯ ವಾಕ್ಯವನ್ನು ಅವರು ನಿಜವಾಗಿ ಆಡಿದರೋ, ನಾನೇ ಆಮೇಲೆ ಸೇರಿಸಿದೆನೋ ತಿಳಿಯದು. ಡೈರಿಯಲ್ಲಿ ಇದೆ. ಹೇಳಿದೆನಲ್ಲ, ಡೈರಿ ಸಿಟ್ಟಿನದು.

ವಾಪಸು ಕೇಳಲು ಗೇಟಿನವರೆಗೆ ಹೋದೆ. ಗಾರ್ಡ್ ಎದ್ದು ಸಲಾಂ ಹೊಡೆದ. ನಡುವಯಸ್ಸಿನವನು, ಮಂಜಿನಲ್ಲಿ ಮೂಗು ಕೆಂಪಾಗಿತ್ತು. ಮೊಣಕಾಲಿಗೆ ಸುತ್ತಿಕೊಂಡಿದ್ದ ಕೌದಿಯನ್ನು ತಟ್ಟಿ, ದೊಡ್ಡ ಸಾಹೇಬರಿಗೆ ದೇವರು ಒಳ್ಳೆಯದು ಮಾಡಲಿ ಎಂದು ಹಿಂದಿಯಲ್ಲಿ ಹೇಳಿದ. ನಾನು ಹಾಲಿನ ಪ್ಯಾಕೆಟ್ ತರಲು ಬಂದವಳಂತೆ ಮುಂದೆ ನಡೆದೆ. ಆ ಚಳಿಗಾಲವಿಡೀ ದಿನಕ್ಕೆರಡು ಸಲ ಅವನ ಮುಂದೆ ಹಾದುಹೋದೆ. ಅಜ್ಜಿ ಅದನ್ನು ಹೊಲಿದದ್ದು ಹೊದೆಯಲಿಕ್ಕೇ ಹೊರತು ನೋಡಲಿಕ್ಕಲ್ಲ ಎಂಬುದು ನನಗೂ ಗೊತ್ತಿತ್ತು. ನನ್ನನ್ನು ಹೆಚ್ಚು ಸುಟ್ಟದ್ದು ಅದೇ. ಮಾವ ಮಾಡಿದ್ದನ್ನು ಯಾರ ಮುಂದೆಯೂ ತಪ್ಪು ಎಂದು ಹೇಳುವಂತಿರಲಿಲ್ಲ. ಮುಂದಿನ ವರ್ಷ ಸೊಸೈಟಿಯವರು ಗಾರ್ಡುಗಳನ್ನೆಲ್ಲ ಬದಲಿಸಿದರು. ಕೌದಿ ಅವನ ಜೊತೆ ಹೋಯಿತು.

ಗಂಡ ಆಗ ಒಂದು ಕಥೆ ಹೇಳಿದ. ಅವನು ಚಿಕ್ಕವನಿದ್ದಾಗ ಅವರು ಒಂದು ಕ್ವಾರ್ಟರ್ಸ್ ಬಿಡುವ ದಿನ, ತಪಾಸಣೆಗೆ ಬಂದ ಜೂನಿಯರ್ ಇಂಜಿನಿಯರ್ ಗೋಡೆಯ ಪ್ರತಿಯೊಂದು ತೂತಿನ ಸುತ್ತ ಪೆನ್ಸಿಲಿನಿಂದ ವೃತ್ತ ಎಳೆದು, ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನಿಂತಿರುವಾಗ ಗಟ್ಟಿಯಾಗಿ ಎಣಿಸಿದನಂತೆ. ಅತ್ತೆಗೆ ಗೋಡೆಯ ಮೇಲೆ ಏನಾದರೂ ಇರಬೇಕೆಂಬ ಆಸೆ ಇತ್ತಂತೆ. ಮುಂದಿನ ಕ್ವಾರ್ಟರ್ಸಿಗೆ ಹೋದ ದಿನ ಮಾವ ಮೊಳೆಗಳ ಡಬ್ಬಿಯನ್ನೇ ಗುಜರಿಯವನಿಗೆ ಕೊಟ್ಟುಬಿಟ್ಟರಂತೆ. ಕೇಳಿ ನನಗೆ ಎಲ್ಲ ಅರ್ಥವಾಯಿತು. ಅರ್ಥವಾದರೆ ಸಿಟ್ಟು ಇಳಿಯುತ್ತದೆ ಎಂದು ಎಂ.ಎ. ತರಗತಿಯಲ್ಲಿ ನಂಬಿದ್ದೆ. ಇಳಿಯಲಿಲ್ಲ. ಒಬ್ಬ ಹೆಂಗಸಿನ ಗೋಡೆಯನ್ನು ಕಿತ್ತುಕೊಂಡದ್ದು ಸಾಲದೆ ಇನ್ನೊಬ್ಬಳದ್ದನ್ನೂ ಕಿತ್ತುಕೊಂಡರು ಎಂದೇ ನನಗೆ ಕೇಳಿಸಿತು.

ಸೇಡು ಮೆಟ್ರೋದಲ್ಲಿ ಬೆಳೆಯಿತು. ದ್ವಾರಕಾದಿಂದ ನೋಯ್ಡಾಕ್ಕೆ, ನೀಲಿ ಲೈನಿನ ಈ ತುದಿಯಿಂದ ಹೆಚ್ಚುಕಡಿಮೆ ಆ ತುದಿಗೆ, ನಿತ್ಯ ಎರಡೂವರೆ ಗಂಟೆ. ಅಷ್ಟೂ ಹೊತ್ತು ಗೋಡೆಗಳನ್ನೇ ಯೋಚಿಸಿದೆ. ಹಗುರಾದದ್ದನ್ನು ಮಾವ ಇಳಿಸುತ್ತಾರೆ, ಆದ್ದರಿಂದ ಭಾರವಾದದ್ದು ಬೇಕು. ಕೀರ್ತಿ ನಗರದ ಹಳೆ ಸಾಮಾನಿನ ಅಂಗಡಿಯಿಂದ ಕಬ್ಬಿಣದ ಸರಳಿನ ಕಿಟಕಿ ಚೌಕಟ್ಟು ತಂದೆ. ಯಾವುದೋ ಮಿಠಾಯಿ ಅಂಗಡಿಯ ಹಲವಾಯಿಯ ದೊಡ್ಡ ಬಾಣಲೆ ತಂದು ಅದರ ಒಳಮೈಗೆ ಹಳದಿ ಬಣ್ಣ ಬಳಿದು ಸೂರ್ಯನ ಹಾಗೆ ತೂಗಿಸಿದೆ. ಬಾಗಿಲಿನ ಹಲಗೆಯೊಂದಕ್ಕೆ ಅಜ್ಜಿಯ ಕೌದಿಯ ಬಣ್ಣಗಳನ್ನೇ, ನೆನಪಿದ್ದಷ್ಟು, ಚೌಕಚೌಕವಾಗಿ ಹಚ್ಚಿದೆ. ಮಾವ ಹಾಲಿನಲ್ಲಿ ನಿಂತು ಬಾಣಲೆಯನ್ನು ನೋಡಿದರು. ಎರಡೂ ಕೈಯಲ್ಲಿ ಎತ್ತಲು ನೋಡಿದರು. ಅದು ಕದಲಲಿಲ್ಲ.

“ಬಾಣಲೆ ಗೋಡೆಗೆ, ಬಾಗಿಲು ಗೋಡೆಗೆ,” ಎಂದರು. “ಅಡುಗೆ ಇನ್ನು ಸೂರಿನ ಮೇಲಾ?”

ಸೋತವರ ಮಾತಿಗೆ ಉತ್ತರ ಕೊಡದೆ ಇರುವುದರಲ್ಲಿ ಒಂದು ಸುಖವಿದೆ.

ಇವತ್ತು ಮನೆಗೆ ಬಂದ ಗೆಳತಿಯರು ಗೋಡೆಗಳ ಫೋಟೋ ತೆಗೆದುಕೊಳ್ಳುತ್ತಾರೆ. ಎಲ್ಲಿ ಕಲಿತೆ, ಇಷ್ಟು ಧೈರ್ಯದ ಶೈಲಿ ಹೇಗೆ ಬಂತು ಎಂದು ಕೇಳುತ್ತಾರೆ. ಊರಿನ ಮನೆ, ಅಜ್ಜಿ, ಬಾಲ್ಯ ಎಂದೆಲ್ಲ ಏನೋ ಹೇಳುತ್ತೇನೆ. ಅರ್ಧ ಸುಳ್ಳು. ನನ್ನ ಶೈಲಿ ಎಂದರೆ ಎಪ್ಪತ್ತೈದು ದಾಟಿದ ಒಬ್ಬ ಮುದುಕರು ಎತ್ತಿ ಇಳಿಸಲಾಗದ ವಸ್ತುಗಳು. ಅವರು ಇಲ್ಲದಿದ್ದರೆ ನಾನು ಬೂದು ಸೋಫಾ, ಒಣ ಕಡ್ಡಿಯಲ್ಲೇ ಉಳಿದುಬಿಡುತ್ತಿದ್ದೆ. ಇದನ್ನು ಋಣ ಎನ್ನಲು ನನಗೆ ಇಷ್ಟವಿಲ್ಲ. ಬೇರೆ ಪದವೂ ಸಿಕ್ಕಿಲ್ಲ.

ಅವರ ಕೋಣೆಯನ್ನು ಮಾತ್ರ ಮುಟ್ಟಿರಲಿಲ್ಲ. ಅದು ಒಪ್ಪಂದವಿಲ್ಲದ ಗಡಿ. ಕ್ರೀಮ್ ಗೋಡೆ, ಕಬ್ಬಿಣದ ಮಂಚ, ಒಂದು ಕುರ್ಚಿ. ಎರಡು ವರ್ಷದ ಹಿಂದೆ, ಮಳೆಗಾಲ ಮುಗಿಯುವ ಹೊತ್ತಿಗೆ, ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಮೂರು ವಾರ ಆಸ್ಪತ್ರೆ. ಇನ್ನು ಹೆಚ್ಚು ಓಡಾಟವಿಲ್ಲ, ಬಚ್ಚಲಿಗೆ ಹಿಡಿಕೆ ಕಂಬಿ ಹಾಕಿಸಿ ಎಂದರು ವೈದ್ಯರು. ಡ್ರಿಲ್ ಹಿಡಿದುಕೊಂಡು ಬಂದ ಭಯ್ಯಾನಿಗೆ ಕಂಬಿ ಮುಗಿದ ಮೇಲೆ ಇನ್ನೊಂದು ಕೆಲಸವಿದೆ ಎಂದೆ.

ಅವರ ಕೋಣೆಯ ಒಂದು ಗೋಡೆಯನ್ನು ಕೆಂಪು ಮಾಡಿಸಿದೆ. ಅದೇ ಪುಸ್ತಕ, ಅದೇ ಚೌಕ. ಅದರಲ್ಲಿ ಹನ್ನೊಂದು ತೂತು ಕೊರೆಸಿ, ಅತ್ತೆಯ ಟ್ರಂಕಿನಲ್ಲಿ ವರ್ಷಗಟ್ಟಲೆ ಮಲಗಿದ್ದ ಸಾಮಾನುಗಳನ್ನು ತೂಗುಹಾಕಿದೆ. ಹಿತ್ತಾಳೆಯ ಜರಡಿ, ಮಣಿಯ ತೋರಣ, ಅತ್ತೆ ಕಸೂತಿ ಹಾಕಿ ಕಟ್ಟು ಹಾಕಿಸಿ ಎಲ್ಲೂ ನೇತುಹಾಕಲಾಗದೆ ಇಟ್ಟಿದ್ದ ಎರಡು ಗಿಣಿಗಳು. ಮಂಚವನ್ನು ತಿರುಗಿಸಿ, ಮಲಗಿದವರ ಮುಖ ನೇರ ಆ ಗೋಡೆಗೆ ಬರುವಂತೆ ಇಟ್ಟೆ. ಕೇಳಿದವರಿಗೆ, ಪಾಪ, ಮಲಗೇ ಇರುವವರಿಗೆ ಸ್ವಲ್ಪ ಉಲ್ಲಾಸ ಬೇಡವೇ ಎಂದೆ. ಗಂಡ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದ. “ಇದು ಉಲ್ಲಾಸಕ್ಕಲ್ಲ,” ಎಂದ. ಅಲ್ಲ ಎಂದೆ. ಪಕ್ಕಕ್ಕೆ ಹೊರಳಲೂ ಇನ್ನೊಬ್ಬರ ಕೈ ಬೇಕಾದ ಮನುಷ್ಯನಿಗೆ ನಾನು ಹಾಗೆ ಮಾಡಿದೆ. ಅದನ್ನೂ ಬರೆದಿಡಬೇಕು.

ಆಂಬುಲೆನ್ಸಿನವರು ಅವರನ್ನು ತಂದು ಮಲಗಿಸಿ ಹೋದರು. ಮಾವ ಗೋಡೆಯನ್ನು ನೋಡಿದರು. ಬಹಳ ಹೊತ್ತು ಎಂದು ನನ್ನ ನೆನಪು, ಒಂದು ನಿಮಿಷವೂ ಇರಲಿಕ್ಕಿಲ್ಲ.

“ಮಂಜೂರಾತಿ ಯಾರದು?”

“ನನ್ನದೇ, ಮಾವ.”

“ಬರವಣಿಗೆಯಲ್ಲಿ ಕೊಡಬೇಕಾಗಿತ್ತು,” ಎಂದು ಕಣ್ಣು ಮುಚ್ಚಿಕೊಂಡರು.

ಆ ಗೋಡೆಯ ಬಗ್ಗೆ ಅವರು ಆಡಿದ ಕೊನೆಯ ಮಾತು ಅದು. ಆಮೇಲೆ ನಾಲ್ಕು ತಿಂಗಳು ಬದುಕಿದ್ದರು. ನಾನು ಕೋಣೆಗೆ ಹೋದಾಗಲೆಲ್ಲ ಅವರ ಕಣ್ಣು ಮುಚ್ಚಿರುತ್ತಿತ್ತು. ಬೆಳಿಗ್ಗೆ ಕಾಫಿ ಕೊಡುವಾಗ, ಸಂಜೆ ಮಾತ್ರೆ ಕೊಡುವಾಗ, ಭಾನುವಾರ ಮಧ್ಯಾಹ್ನ. ಕಣ್ಣು ಮುಚ್ಚಿಯೇ ಬಾಯಿ ತೆರೆಯುತ್ತಿದ್ದರು, ಕಣ್ಣು ಮುಚ್ಚಿಯೇ “ಸಾಕಮ್ಮ” ಎನ್ನುತ್ತಿದ್ದರು. ಮೊದಮೊದಲು ನನಗೆ ಗೆದ್ದ ಹಾಗಿತ್ತು. ನೋಡಲಾಗದೆ ಮುಚ್ಚಿಕೊಂಡಿದ್ದಾರೆ, ಮುಚ್ಚಿಕೊಳ್ಳಲಿ. ಹೋಗುಹೋಗುತ್ತ, ಅವರು ಮುಚ್ಚಿಕೊಂಡದ್ದು ಗೋಡೆಗೋ ನನಗೋ ಎಂಬ ಪ್ರಶ್ನೆ ಶುರುವಾಯಿತು. ನೋವಿನ ಮಾತ್ರೆಗೆ ನಿದ್ದೆ ಬರುವುದು ಸಹಜ ಎಂದ ಗಂಡ. ಅವನಿಗೆ ಯಾವುದೂ ಸಹಜವೇ.

ಹಗಲು ನಾವಿಬ್ಬರೂ ಆಫೀಸಿಗೆ ಹೋಗುತ್ತಿದ್ದೆವು. ಆ ನಾಲ್ಕು ತಿಂಗಳು ಮೈಸೂರಿನಿಂದ ಬಂದಿದ್ದ ಗಂಡನ ಅಕ್ಕ ಮಾವನ ಮಂಚದ ಪಕ್ಕ ಕೂತಿರುತ್ತಿದ್ದರು. ನಾನು ಬೀಗದಕೈ ತಿರುಗಿಸುವಾಗ ಒಳಗಿನಿಂದ ಮಾವನ ದನಿ ಕೇಳಿದ ಹಾಗಾಗುತ್ತಿತ್ತು, ಬಾಗಿಲು ತೆರೆದರೆ ನಿಶ್ಶಬ್ದ. ಒಂದು ಸಂಜೆ ಗಿಣಿಗಳ ಚೌಕಟ್ಟು ತುಸು ವಾಲಿದ್ದು ನೇರವಾಗಿತ್ತು. ಅದನ್ನು ಅಕ್ಕ ತಾವಾಗಿಯೇ ಸರಿಮಾಡಿದರೋ, ಯಾರಾದರೂ ಮಾಡಿಸಿದರೋ, ಅಥವಾ ಅದು ವಾಲಿಯೇ ಇರಲಿಲ್ಲವೋ. ಡೈರಿಯಲ್ಲಿ ಇಲ್ಲ. ಆ ದಿನ ನನಗೆ ಸಿಟ್ಟು ಬಂದಿರಲಿಲ್ಲ.

ಜನವರಿಯ ಒಂದು ಬೆಳಿಗ್ಗೆ, ನಾನು ರಾಜೀವ್ ಚೌಕ ಮೆಟ್ರೋ ನಿಲ್ದಾಣದ ಗದ್ದಲದ ನಡುವೆ ನಿಂತಿದ್ದಾಗ, ಅಕ್ಕನ ಫೋನ್ ಬಂತು. ಮನೆಗೆ ಬರುವಷ್ಟರಲ್ಲಿ ಅವರೇ ಅಪ್ಪನ ಕಣ್ಣು ಮುಚ್ಚಿ ತುಳಸಿ ನೀರು ಬಿಟ್ಟಾಗಿತ್ತು. ಅಪ್ಪನ ಕಣ್ಣು ತೆರೆದೇ ಇತ್ತು, ತಾವೇ ಮುಚ್ಚಬೇಕಾಯಿತು ಎಂದು ಅವರು ಯಾರಿಗೋ ಹೇಳುತ್ತಿದ್ದದ್ದು ಹಾಲಿಗೆ ಬರುವಾಗ ಕಿವಿಗೆ ಬಿತ್ತು. ಆ ಮಾತಿನ ಹಿಂದೆಯೇ ನನ್ನ ಮನಸ್ಸು ಹೋಗಿ ನಿಂತಿದೆ.

ಹದಿಮೂರನೆಯ ದಿನದ ಊಟ ಮುಗಿಸಿ ಅಕ್ಕ ಮೈಸೂರಿಗೆ ಹೋದರು. ಕೋಣೆ ಹಾಗೆಯೇ ಇದೆ. ಕ್ರೀಮ್ ಹೊಡೆಸೋಣವೇ ಎಂದು ಗಂಡ ಒಮ್ಮೆ ಕೇಳಿದ, ನಾನು ಬೇಡವೆಂದೆ. ಎರಡು ತಿಂಗಳು ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಬಿಸಿಲು, ಮಾವಿನಕಾಯಿ, ಅವರ ಮೊಮ್ಮಗನ ಹಲ್ಲು ಎಲ್ಲ ಆದ ಮೇಲೆ ಕೇಳಿದೆ. ಅವರು, ಒಲೆ ಮೇಲೆ ಹಾಲಿಟ್ಟಿದ್ದೀನಿ, ಮತ್ತೆ ಮಾಡ್ತೀನಿ ಎಂದು ಇಟ್ಟರು. ಮತ್ತೆ ಎಷ್ಟೋ ಸಲ ಮಾಡಿದ್ದಾರೆ. ಹಬ್ಬಕ್ಕೆ, ವರ್ಷಾಬ್ದಿಕಕ್ಕೆ, ಸುಮ್ಮನೆ. ಪ್ರೀತಿಯಿಂದಲೇ ಮಾತಾಡುತ್ತಾರೆ. ಆ ಒಂದಕ್ಕೆ ಮಾತ್ರ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ. ನಾನು ಕೇಳಿದ್ದು ಇಷ್ಟೇ.

“ಅಕ್ಕ, ನಾನು ಆಫೀಸಿಗೆ ಹೋದ ಮೇಲೆ ಮಾವ ಕಣ್ಣು ಬಿಡ್ತಿದ್ರಾ?”