ಗದ್ದೆಯಲ್ಲಿ ನೇತಾಡಿದ ಚಿಕ್ಕಮ್ಮನ ಎದೆ

ಎರಡು ಸಾವಿರದ ಇಸವಿ ಕಳೆದ ಮೇಲಿನ ಮಾತು. ನರಸೀಪುರದ ಹತ್ತಿರದ ಹಳ್ಳಿಯಲ್ಲಿದ್ದ ನಮ್ಮ ಚಿಕ್ಕಮ್ಮನಿಗೆ ಸ್ವಲ್ಪ ಏರು ಹತ್ತಿದರೂ ಎದೆ ಹಿಂಡುತ್ತಿತ್ತು. ಮೈಸೂರಿನಲ್ಲಿ ಆಂಜಿಯೋಗ್ರಾಂ ಮಾಡಿಸಿದರು. ರಕ್ತನಾಳದಲ್ಲಿ ಅಡ್ಡಿಯಿಲ್ಲ, ಗ್ಯಾಸ್ ಇರಬೇಕು ಎಂದು ಡಾಕ್ಟರು ಎದೆಯ ಚಿತ್ರವಿದ್ದ ಸಿ.ಡಿ. ಕೊಟ್ಟು ಕಳಿಸಿದರು. ಚಿಕ್ಕಪ್ಪ ಅದಕ್ಕೆ ದಾರ ಕಟ್ಟಿ, ಗಿಳಿ ಬೆದರಲೆಂದು ಗದ್ದೆಯ ಗೂಟಕ್ಕೆ ನೇತುಹಾಕಿದರು. ಊರಲ್ಲಿ ಕೆಲಸಕ್ಕೆ ಬಾರದ ಸಿ.ಡಿ.ಗಳ ಗತಿಯೇ ಅದು.

ಆಮೇಲೆ ಮನೆಯವರೆಲ್ಲ ಡಾಕ್ಟರಾದರು. ಸೋಡಾ ಕುಡಿಸಿದ್ದಾಯಿತು. ನಂಜನಗೂಡಿನಿಂದ ಬಂದ ಚಿಕ್ಕಪ್ಪನ ಅಕ್ಕ ದೃಷ್ಟಿ ತೆಗೆದು, "ಕೆಲ್ಸ ಬಿದ್ದಾಗ್ಲೇ ಇವ್ಳಿಗೆ ನೋವು ಬತ್ತದೆ" ಎಂದು ಕೊಂಕು ನುಡಿದರು. ಬುದ್ಧಿವಂತರಿಗೆ ಬರವಿಲ್ಲದ ಮನೆ ನಮ್ಮದು.

ರಜೆಗೆ ಬಂದಿದ್ದ ನನಗೆ ಮೈ ಉರಿಯುತ್ತಿತ್ತು. ಹೃದಯದ ನಾಳ ನೋಡುವುದೇ ಆಗ ನನ್ನ ಕೆಲಸ. ದೂರದ ಪ್ರಯೋಗಾಲಯವೊಂದರಲ್ಲಿ ಇಲಿಗೆ ಮಂಪರು ಕೊಟ್ಟು, ನಾಳದೊಳಗೆ ಬಣ್ಣದ ಔಷಧಿ ಬಿಟ್ಟು, ಬಡಿಯುತ್ತಿರುವ ಪುಟ್ಟ ಹೃದಯದ ಕೂದಲೆಳೆಯಂಥ ನಾಳಗಳನ್ನು ಎಕ್ಸ್‌ರೇಯಲ್ಲಿ ನೋಡುತ್ತಿದ್ದೆವು. ದೊಡ್ಡ ನಾಳ ನೆಟ್ಟಗಿದ್ದೂ ಸಣ್ಣವು ಮುದುಡಿಕೊಳ್ಳುವುದನ್ನು ಕಣ್ಣಾರೆ ಕಂಡಿದ್ದೆ. ಆಸ್ಪತ್ರೆಯ ಚಿತ್ರದಲ್ಲಿ ಅಷ್ಟು ಸಣ್ಣವು ಕಾಣುವುದೇ ಇಲ್ಲ. ಕಾಣದ್ದನ್ನು ಇಲ್ಲ ಅನ್ನುವುದಕ್ಕೆ ಅಷ್ಟು ಓದಬೇಕೇ?

ನಾಲೆಯಲ್ಲಿ ನೀರಿದ್ದ ಮಾತ್ರಕ್ಕೆ ಕೊನೆಯ ಗದ್ದೆಗೆ ನೀರು ಬಂದಂತಲ್ಲ, ಇನ್ನೊಬ್ಬ ಡಾಕ್ಟರಿಗೆ ತೋರಿಸೋಣ ಎಂದೆ. ಚಿಕ್ಕಪ್ಪ ನಕ್ಕರು. "ಇಲಿ ಎದೆ ನೋಡಾಕೆ ಅಷ್ಟು ದೂರ ಓಗ್ಬೇಕಿತ್ತಾ ಮಗಾ? ನಮ್ ಗದ್ದೇಲೇ ಬೇಕಾದಷ್ಟವೆ. ನಾರ್ಮಲ್ ಅಂತ ಬರ್ಕೊಟ್ಟವ್ರೆ, ಸುಮ್ನಿರು."

ಚಿಕ್ಕಮ್ಮ ಮಾತ್ರ ಪಕ್ಕದಲ್ಲಿ ಬಂದು ಕೂತರು.

"ಆ ಮಿಷನ್ನಾಗೆ ನನ್ನೂ ನೋಡಾಕಾಯ್ತದಾ? ನಾನು ನಾಟ್ಕ ಆಡ್ತಿಲ್ಲ ಅಂತ ಇವ್ರಿಗೊಂದ್ಸಲ ತೋರ್ಸವ್ವ."

"ಅದು ಇಲಿಗೆ ಮಾತ್ರ ಚಿಕ್ಕಮ್ಮ. ಮನುಷ್ಯರಿಗಿಲ್ಲ."

"ಅಂಗಾ" ಎಂದು ಬುತ್ತಿ ಕಟ್ಟಲು ಎದ್ದು ಹೋದರು. ಇಲಿಗೆ ಸಿಕ್ಕ ಮರ್ಯಾದೆ ಅವರಿಗೆ ಸಿಗಲಿಲ್ಲವಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ನಾನು ಕೆಲಸಕ್ಕೆ ಮರಳಿದ ಕೆಲವೇ ದಿನಗಳಲ್ಲಿ, ಗದ್ದೆ ಕಾಯುತ್ತಿದ್ದ ಚಿಕ್ಕಪ್ಪನಿಗೆ ಬುತ್ತಿ ಹೊತ್ತು ಹೋದ ಚಿಕ್ಕಮ್ಮ ಬದುವಿನ ಮೇಲೇ ಕುಸಿದರು. ಎತ್ತಿ ತರುವಷ್ಟರಲ್ಲಿ ಉಸಿರಿರಲಿಲ್ಲ.

ತಿಥಿಗೆ ಬಂದವರಿಗೆಲ್ಲ ಚಿಕ್ಕಪ್ಪ ಒಂದೇ ಮಾತು ಹೇಳುತ್ತಿದ್ದರು: "ಆರ್ಟ್‌ಗೇನೂ ಆಗಿರ್ನಿಲ್ಲ ಕಣ್ರೀ. ನಾರ್ಮಲ್ ಅಂತ್ಲೇ ಬರ್ಕೊಟ್ಟಿದ್ರು."

ಕೇಳಲಾರದೆ ಎದ್ದು ಗದ್ದೆಯ ಕಡೆ ಹೋದೆ. ಸಿ.ಡಿ. ಇನ್ನೂ ಗೂಟದಲ್ಲಿ ತಿರುಗುತ್ತಿತ್ತು. ಗಿಳಿಗಳು ಅದರ ಪಕ್ಕದಲ್ಲೇ ಕೂತು ತೆನೆ ತಿನ್ನುತ್ತಿದ್ದವು. ಅದನ್ನು ನಂಬಿದ್ದವರು ನಮ್ಮವರು ಮಾತ್ರ.