ಎಂಟನೆಯವನ ರೆಕ್ಕೆ

ಕಂಕನಾಡಿಯ ಒಂದು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವುದು ನನ್ನ ಕೆಲಸ. ಉಳಿದ ಹೊತ್ತಿನಲ್ಲಿ, ಮಾಡಿದ ಕಂಪನಿಯೇ ಮರೆತುಬಿಟ್ಟ ಒಂದು ಜಪಾನೀ ಆಟಿಕೆಯ ಚರಿತ್ರೆ ಹುಡುಕುತ್ತೇನೆ. ಹೆಂಡತಿ ಇದಕ್ಕೆ ‘ಇವರ ಪಿಎಚ್‌ಡಿ’ ಎನ್ನುತ್ತಾಳೆ. ವರ್ಷಗಟ್ಟಲೆಯಾದರೂ ಮುಗಿಯದ್ದರಿಂದ ಹೆಸರು ಸರಿಯಾಗಿಯೇ ಇದೆ.

ಗೇಣುದ್ದದ ಲೋಹದ ವೀರರು ಅವು. ಬೆನ್ನಿಗೆ ಪ್ಲಾಸ್ಟಿಕ್ಕಿನ ಜೋಡಿ ರೆಕ್ಕೆ ಸಿಕ್ಕಿಸಬೇಕು. ಟೀವಿಯಲ್ಲಿ ಅವರ ಕಥೆ ಬರಲಿಲ್ಲ, ಹಾಗಾಗಿ ಬೇಗನೆ ಅಂಗಡಿಗಳಿಂದ ಮಾಯವಾದರು. ಈಗ ಅವರನ್ನು ನೆನೆಯುವ ಬೆರಳೆಣಿಕೆಯ ಜನ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಕಟ್ಟಿಕೊಂಡಿದ್ದೇವೆ. ಗುಂಪಿನ ಹಿರಿಯರೊಬ್ಬರು ಜಪಾನಿನವರು. ಪ್ರತಿ ವೀರನ ಬಣ್ಣ, ತೂಕ, ರೆಕ್ಕೆಯ ಆಕಾರ ಬರೆದ ಪಟ್ಟಿ ಅವರ ಬಳಿ ಇದೆ. ಅದರಲ್ಲಿ ಇರುವುದು ಏಳು ಜನ. ಎಂಟನೆಯವನೊಬ್ಬನಿದ್ದ ಎಂದು ವಾದಿಸಿದವನು ನಾನೊಬ್ಬನೇ. ನನ್ನ ಕಾಟ ತಾಳಲಾರದೆ ಅವರು ಎಂಟನೆಯ ಸಾಲೊಂದನ್ನು ಸೇರಿಸಿ, ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿಟ್ಟಿದ್ದರು. ಆ ಚಿಹ್ನೆಯನ್ನು ತೆಗೆಸುವುದೇ ನನ್ನ ಪಿಎಚ್‌ಡಿ.

ಎಂಟನೆಯವನು ನನ್ನ ಕೈಗೆ ಬಂದದ್ದು ಬಿಕರ್ನಕಟ್ಟೆಯಲ್ಲಿ, ನನಗೆ ಏಳೋ ಎಂಟೋ ವರ್ಷವಿದ್ದಾಗ. ಪಕ್ಕದ ಮನೆಯ ಯಜಮಾನರು, ಬ್ಯಾರಿ ಮುಸ್ಲಿಮರು, ಗಲ್ಫಿನಲ್ಲಿ ಕೆಲಸಕ್ಕಿದ್ದರು. ಅವರನ್ನು ನಾವು ಕಾಕ ಎಂದು ಕರೆಯುತ್ತಿದ್ದೆವು. ರಜೆಯಲ್ಲಿ ಬಂದಾಗ ತಮ್ಮ ಮಗನಿಗೊಂದು, ನನಗೊಂದು ಆಟಿಕೆ ತಂದರು. ಮಗನಿಗೆ ಸಿಕ್ಕಿದ್ದು ನೀಲಿ ಪ್ಲಾಸ್ಟಿಕ್ ರೆಕ್ಕೆಯದ್ದು. ನನ್ನದರ ಬೆನ್ನಿನಲ್ಲಿ ಚಿನ್ನದ ಬಣ್ಣದ ತಗಡಿನ ರೆಕ್ಕೆ, ಅದರ ಮೇಲೆ ಒತ್ತಿದ ಪರದೇಶದ ಅಕ್ಷರ.

“ಇದು ಬೇರೆಯೇ ಮಾರಾಯ,” ಎಂದಿದ್ದರು ಕಾಕ. “ಇಡೀ ಲೋಕದಲ್ಲಿ ಒಂದೇ ಉಂಟು.”

ನಾನು ನಂಬಿದೆ. ಆಟಿಕೆ ಮನೆ ಬದಲಿಸುವಾಗ ಗುಜರಿಯವನ ಪಾಲಾಯಿತು, ನಂಬಿಕೆ ಉಳಿಯಿತು. ದೊಡ್ಡವನಾದ ಮೇಲೆ ಆ ಅಕ್ಷರಗಳನ್ನು ನೆನಪಿನಿಂದ ಬಿಡಿಸಿ ಗುಂಪಿಗೆ ಹಾಕಿದೆ. ಒಂದು ಕೊಕ್ಕೆ, ಕೆಳಕ್ಕೆ ಇಳಿದ ಒಂದು ಬಾಲ, ಆಮೇಲೆ ಒಂದು ಗೆರೆಯ ಮೇಲೆ ಮೂರು ಚುಕ್ಕಿ. ಇದು ನಮ್ಮ ಲಿಪಿಯಲ್ಲ, ಪ್ರಾಯಶಃ ಯಾರೋ ನಕಲಿ ಮಾಡಿದ್ದಿರಬೇಕು ಎಂದು ಹಿರಿಯರು ವಿನಯದಿಂದ ಬರೆದರು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಹಳೆಯ ಜಪಾನೀ ಲಿಪಿಯಿರಬಹುದು ಎಂದು ಜಪಾನಿನವರಿಗೇ ಪಾಠ ಹೇಳಿದೆ.

ಕಾಕನ ಮಗನನ್ನೂ ಕೇಳಿದ್ದೆ. ಅವನಿಗೆ ಬೈಕಂಪಾಡಿಯಲ್ಲಿ ಪ್ಲಾಸ್ಟಿಕ್ ಕೊಡ, ಬಾಲ್ದಿ ಮಾಡುವ ಸಣ್ಣ ಕಾರ್ಖಾನೆಯಿದೆ. ಎಲ್ಲ ವಿಷಯದಲ್ಲೂ ಸ್ನೇಹಿತ, ಈ ಒಂದು ವಿಷಯ ಎತ್ತಿದರೆ ಮಾತ್ರ ಅವನ ಮುಖ ಬಿಗಿಯುತ್ತಿತ್ತು.

“ಚಿನ್ನದ್ದು ಸಿಕ್ಕಿದ್ದು ನಿನಗಲ್ವಾ? ನನ್ನತ್ರ ಎಂತ ಕೇಳ್ತಿ?” ಎನ್ನುತ್ತಿದ್ದ. ತಮಾಷೆ ಎಂದುಕೊಂಡಿದ್ದೆ.

ಕಾಕ ತೀರಿಕೊಂಡು ಕೆಲವು ವರ್ಷಗಳಾಗಿವೆ. ಈ ವರ್ಷ ಅವರ ಹೆಂಡತಿಯನ್ನು ಮೊಣಕಾಲಿನ ಎಕ್ಸ್‌ರೇಗೆಂದು ಮಗ ನನ್ನಲ್ಲಿಗೆ ಕರೆತಂದ. ಅವನು ತಂದೆಗೆ ಉಪ್ಪ, ತಾಯಿಗೆ ಉಮ್ಮ ಎನ್ನುತ್ತಾನೆ; ನಾನೂ ಅವರನ್ನು ಚಿಕ್ಕಂದಿನಿಂದ ಉಮ್ಮ ಎಂದೇ ಕರೆಯುವುದು. ಎಕ್ಸ್‌ರೇ ಮುಗಿಸಿ, ಎಡಗಾಲು ಎಂದು ಗುರುತು ಹಾಕಿ ಬರುವಷ್ಟರಲ್ಲಿ ಅವರು ನನ್ನ ಮೇಜಿನ ಮೇಲಿದ್ದ ಲಕೋಟೆಯನ್ನು ಕೈಯಲ್ಲಿ ಹಿಡಿದಿದ್ದರು. ಅದರ ಹಿಂಭಾಗದಲ್ಲಿ ನಾನು ಮತ್ತೊಮ್ಮೆ ಆ ಅಕ್ಷರಗಳನ್ನು ಬಿಡಿಸಿದ್ದೆ. ಉಮ್ಮ ಲಕೋಟೆಯನ್ನು ತಲೆಕೆಳಗು ಮಾಡಿ ನೋಡಿದರು.

“ಹಲೀಬ್ ಅಂತ ಉಲ್ಟಾ ಎಂತಕ್ಕೆ ಬರೆದದ್ದು ನೀನು?”

“ಎಂತ ಹಾಗೆಂದರೆ?”

“ಹಾಲು. ಅರಬಿಯಲ್ಲಿ. ಹಾಲಿನ ಹುಡಿಯ ಡಬ್ಬಿಯಲ್ಲಿ ಇರ್ತದಲ್ಲ.”

ದಿನವಿಡೀ ಊರವರ ಎಡ ಬಲ, ಮೇಲು ಕೆಳಗು ನೋಡಿ ಗುರುತು ಹಾಕುವವನು ನಾನು. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆ ಅಲ್ಲ.

ಉಮ್ಮ ನಗುತ್ತಾ ಉಳಿದದ್ದನ್ನು ಹೇಳಿದರು. ಕಾಕ ತಂದದ್ದು ಒಂದೇ ನಮೂನೆಯ ಎರಡು ಆಟಿಕೆ. ದಾರಿಯಲ್ಲಿ ಪೆಟ್ಟಿಗೆಯೊಳಗೆ ಒಂದರ ರೆಕ್ಕೆ ಪುಡಿಯಾಗಿತ್ತು. ಮಗ ಸರಿಯಿದ್ದದ್ದನ್ನು ಹಿಡಿದುಕೊಂಡು ಆಗಲೇ ಓಡಿದ್ದ. “ಪಕ್ಕದ ಮನೆಯ ಮಗುವಿಗೆ ಒಡೆದದ್ದು ಕೊಡ್ಲಿಕ್ಕೆ ಆಗ್ತದಾ ಅಂತ, ಒಂದು ಬೆಳಗ್ಗೆ ಇಡೀ ಕೂತು ಹಾಲಿನ ಡಬ್ಬಿಯ ಮುಚ್ಚಳ ಕತ್ತರಿಸಿ ರೆಕ್ಕೆ ಮಾಡಿದರು. ಕೈಗೆ ಗಾಯ ಬೇರೆ. ಹೊಸ ಡಬ್ಬಿಯ ಮುಚ್ಚಳ ಹಾಳು ಮಾಡಿದಿರಿ ಅಂತ ನಾನು ಬೈದಿದ್ದೆ.”

ಸ್ನೇಹಿತ ನಗಲಿಲ್ಲ. “ಇವನದ್ದಾ ಒಡೆದದ್ದು?” ಎಂದು ಎರಡು ಸಲ ಕೇಳಿದ.

ಅವನ ಕಾರಿನಲ್ಲೇ ಅವರ ಮನೆಗೆ ಹೊರಟೆ. ಆ ಡಬ್ಬಿ ಇನ್ನೂ ಇದೆ ಎಂದಿದ್ದರು ಉಮ್ಮ, ಕಣ್ಣಾರೆ ನೋಡದೆ ನನಗೆ ಸಮಾಧಾನವಿಲ್ಲ. ದಾರಿಯಲ್ಲಿ ಮೊಬೈಲು ತೆಗೆದು ಜಪಾನಿನ ಹಿರಿಯರಿಗೆ ಬರೆದೆ: ಎಂಟನೆಯ ಸಾಲು ಅಳಿಸಿಬಿಡಿ, ತಪ್ಪು ನನ್ನದು. ಕಳಿಸಿದ ಮೇಲೂ ಮೊಬೈಲನ್ನು ಕೈಯಲ್ಲೇ ಹಿಡಿದು ಕುಳಿತೆ. ಐವತ್ತರ ಹತ್ತಿರ ಬಂದವನು ಆಟಿಕೆಗಾಗಿ ಬೇಸರಪಡುವುದನ್ನು ಯಾರಲ್ಲಿ ಹೇಳಿಕೊಳ್ಳಲಿ?

ಅಂಗಳದ ಹಳೆಯ ಬಾವಿಯನ್ನು ಈಗ ಸಿಮೆಂಟಿನಿಂದ ಮುಚ್ಚಿದ್ದಾರೆ. ಸ್ನೇಹಿತ ಅದರ ಪಕ್ಕ ಕಾರು ನಿಲ್ಲಿಸಿದ, ಇಳಿಯಲಿಲ್ಲ.

“ನನ್ನದು ಇದರೊಳಗೆ ಉಂಟು,” ಎಂದ. “ಉಪ್ಪ ನಿನಗೆ ಚಿನ್ನದ್ದು ಕೊಟ್ಟ ದಿನವೇ ಬಿಸಾಡಿದ್ದು. ಕಳೆದುಹೋಯಿತು ಅಂತ ಅವರಲ್ಲಿ ಹೇಳಿದೆ. ಮತ್ತೆ ಅವರು ಗಲ್ಫಿಗೆ ಹೋಗುವವರೆಗೆ ನಾನು ಅವರಲ್ಲಿ ಸರಿಯಾಗಿ ಮಾತಾಡಲಿಲ್ಲ.”

ಹಿಂದಿನ ಸೀಟಿನಲ್ಲಿದ್ದ ಉಮ್ಮ ಇಳಿದು, ನೋಯುವ ಕಾಲನ್ನು ಎಳೆದುಕೊಂಡು ಒಳಗೆ ಹೋದರು. ನಾವು ಹಿಂದೆ ಹೋದೆವು. ಅವರು ಒಂದು ಡಬ್ಬಿ ತಂದು ಮೇಜಿನ ಮೇಲಿಟ್ಟರು. ಮುಚ್ಚಳವಿಲ್ಲ, ಬಾಯಿಗೆ ಸ್ಟೀಲಿನ ತಟ್ಟೆ. ಬದಿಯಲ್ಲಿ ಅದೇ ಅಕ್ಷರಗಳು, ಈಗ ನೆಟ್ಟಗೆ ನಿಂತಿದ್ದವು. ಒಳಗೆ ಸೂಜಿ, ನೂಲು, ಅಂಗಿಗೆ ಹೊಲಿಯುವ ಗುಬ್ಬಿ. ಅವುಗಳ ಅಡಿಗೆ ಕೈಹಾಕಿ ಉಮ್ಮ ಹೊರತೆಗೆದದ್ದು ಜೋಡಿ ನೀಲಿ ರೆಕ್ಕೆ.

“ಮರುದಿನ ಬೆಳಗ್ಗೆ ನೀರು ಸೇದುವಾಗ ಇದು ಮಾತ್ರ ತೇಲಿ ಕೊಡಪಾನದಲ್ಲಿ ಬಂತು,” ಎಂದರು ಮಗನಿಗೆ. “ಉಪ್ಪನಿಗೆ ಆಗಲೇ ಗೊತ್ತಾಯಿತು. ಅವನಲ್ಲಿ ಕೇಳಬೇಡ, ಒಂದು ದಿನ ಅವನೇ ಹೇಳ್ತಾನೆ, ಆಗ ಕೊಡು ಅಂದಿದ್ದರು. ಇವತ್ತು ಹೇಳಿದಿಯಲ್ಲ, ತಗೊ.”

ಪಟ್ಟಿಯಲ್ಲಿ ಬರಹವಿದ್ದರೂ ಅಂಥ ರೆಕ್ಕೆಯ ಒಂದು ಫೋಟೋ ಕೂಡ ನಮ್ಮ ಗುಂಪಿನಲ್ಲಿ ಯಾರ ಬಳಿಯೂ ಇರಲಿಲ್ಲ. ಮೊಬೈಲು ನನ್ನ ಕೈಯಲ್ಲೇ ಇತ್ತು. ದಿನಾ ಸಾವಿರಗಟ್ಟಲೆ ಪ್ಲಾಸ್ಟಿಕ್ ಕೊಡ ನೋಡುವ ಸ್ನೇಹಿತ, ರೆಕ್ಕೆಯ ಅಂಚಿನಲ್ಲಿದ್ದ ಅಚ್ಚಿನ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಾ ಕುಳಿತಿದ್ದ. ಕಣ್ಣು ಒರೆಸಿಕೊಳ್ಳಲೂ ಅವನು ಕೈ ಎತ್ತಲಿಲ್ಲ. ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.